ನೀರಿನ ಊರಿಗೆ ಕೊಟ್ಟ ಮಗಳು

ನಮ್ಮಣ್ಣ ವಿಧಾನಸಭೆಯಲ್ಲಿ ಎದ್ದು ನಿಂತರೆ ಅಕ್ಕಪಕ್ಕದ ಶಾಸಕರು ಮೊದಲೇ ನಗುತ್ತಿದ್ದರಂತೆ. ಮಾತು ಎಲ್ಲಿಂದ ಶುರುವಾದರೂ ಅದು ಕಾಲುವೆಯ ಕೊನೆಯ ತುದಿಗೆ ಬಂದೇ ನಿಲ್ಲುತ್ತದೆಂದು ಅವರಿಗೆ ಗೊತ್ತಿತ್ತು. ಗೋವಿನಜೋಳದ ಬೆಂಬಲ ಬೆಲೆ ಎಂದು ಎದ್ದವನು, ಕಬ್ಬಿನ ತೂಕ ಎಂದು ಎದ್ದವನು, ಪಂಪ್‌ಸೆಟ್ಟಿಗೆ ಹಗಲು ಹೊತ್ತಿನಲ್ಲೇ ಕರೆಂಟು ಕೊಡಿ ಎಂದು ಎದ್ದವನು, ಸ್ವಲ್ಪ ಹೊತ್ತಿನಲ್ಲಿ "ಅಲ್ರಿ ಅಧ್ಯಕ್ಷರ, ನಮ್ಮ ಟೇಲ್ ಎಂಡಿಗೆ ನೀರ ಬಂದಿಲ್ಲ" ಎನ್ನುವಲ್ಲಿಗೆ ಬಂದುಬಿಡುತ್ತಿದ್ದ. ಹೀಗಾಗಿ ಮೊಗಸಾಲೆಯಲ್ಲಿ ಅವನಿಗೆ ಟೇಲ್ ಎಂಡ್ ಸಾಹೇಬ್ರು ಎಂದೇ ಹೆಸರು ಬಿದ್ದಿತ್ತು. ಅವನು ಅದಕ್ಕೆ ಬೇಸರಪಟ್ಟುಕೊಂಡವನಲ್ಲ. ಊರಿಗೆ ಬಂದು ಅವ್ವನಿಗೆ ಹೇಳಿ ತಾನೂ ನಕ್ಕ.

ಆ ತುದಿಯೇ ನಮ್ಮ ತವರು. ಕೌಜಲಗಿಯಿಂದ ಇನ್ನೂ ಒಳಗೆ ಹೋಗಬೇಕು. ನಮ್ಮ ಹೊಲದ ಬದುವಿಗೂ ಒಂದು ಕಾಲುವೆ ಇದೆ, ನಾನು ಹುಟ್ಟುವ ಮೊದಲೇ ತೋಡಿದ್ದು. ಅದರಲ್ಲಿ ನಾವು ಆಡಿದ್ದೇವೆ, ಓಡಿದ್ದೇವೆ, ಶೇಂಗಾ ಒಣಗಿಸಿದ್ದೇವೆ. ನೀರು ಮಾತ್ರ ನೋಡಿರಲಿಲ್ಲ. ಮೇಲಿನ ಊರುಗಳಲ್ಲೇ ಅದು ಮುಗಿದುಹೋಗುತ್ತಿತ್ತು. ಒಂದು ವರ್ಷ ಅಧಿಕಾರಿಗಳು ಬಂದು ಈ ಸಲ ಖಂಡಿತ ಬರುತ್ತದೆ ಎಂದರು. ಅವ್ವ ನಂಬಿ ಮೆಣಸಿನ ಸಸಿ ಹಚ್ಚಿದಳು. ನೀರು ಬರಲಿಲ್ಲ. ಅಷ್ಟಕ್ಕೂ ಕೊಡದಲ್ಲಿ ನೀರು ಹೊತ್ತು ಹಾಕಿದೆವು, ಅವ್ವ, ನಾನು, ಅಣ್ಣ. ಅಣ್ಣನ ರಾಜಕೀಯ ಆ ಕೊಡದಿಂದ ಶುರುವಾಯಿತೆಂದು ನನ್ನ ಎಣಿಕೆ. ಅವನನ್ನು ಕೇಳಿದರೆ ಬೇರೆ ಏನೇನೋ ದೊಡ್ಡ ದೊಡ್ಡದು ಹೇಳುತ್ತಾನೆ.

ನನಗೆ ಗಂಡು ನೋಡಲು ಶುರುಮಾಡಿದಾಗ ಅಪ್ಪನದು ಒಂದೇ ಹಟ, ಮಗಳನ್ನು ನೀರಿದ್ದ ಊರಿಗೆ ಕೊಡಬೇಕು. ಗೋಕಾಕದ ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದ ನಾನು ಗಂಡು ಏನು ಓದಿದ್ದಾನೆಂದು ಕೇಳಿಸಿದರೆ, ಅಪ್ಪ ಊರಿಗೆ ಕಾಲುವೆ ಐತೇನು ಎಂದು ಕೇಳುತ್ತಿದ್ದ. ಹುಕ್ಕೇರಿ ತಾಲ್ಲೂಕಿನಲ್ಲಿ, ಬೆಲ್ಲದ ಬಾಗೇವಾಡಿಯ ಸಂತೆಗೆ ನಡೆದುಹೋಗುವಷ್ಟು ಹತ್ತಿರದ ಒಂದು ಊರಿನಿಂದ ಸಂಬಂಧ ಬಂತು. ನೋಡಲು ಹೋದ ಅಪ್ಪ ಊರ ಹೊರಗೆ ಕಾಲುವೆಯ ಸೇತುವೆ ಮೇಲೆ ಗಾಡಿ ನಿಲ್ಲಿಸಲು ಹೇಳಿದನಂತೆ. ಕೆಳಗೆ ದಂಡೆ ತುಂಬಿ ನೀರು. ಅಪ್ಪ ಕಟ್ಟೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಜೊತೆಗಿದ್ದ ಕಾಕಾನಿಗೆ "ಇಲ್ಲೇ ಕೊಡೂದು" ಎಂದ. ಇನ್ನೂ ಗಂಡಿನ ಮನೆಯ ಬಾಗಿಲು ಕೂಡ ಕಂಡಿರಲಿಲ್ಲ. ನನ್ನ ಲಗ್ನ ಗಂಡನಿಗಿಂತ ಮೊದಲು ಕಾಲುವೆಯ ಜೊತೆ ಗೊತ್ತಾಯಿತೆಂದು ನಾನು ಈಗಲೂ ನಮ್ಮ ಮನೆಯವರನ್ನು ಕಾಡಿಸುತ್ತೇನೆ. ಅವರು ಬಡಪಾಯಿ, ನಕ್ಕು ಸುಮ್ಮನಾಗುತ್ತಾರೆ.

ಅಪ್ಪ ಕೇಳದೆ ಬಿಟ್ಟ ಮಾತು ಒಂದೇ, ಆ ನೀರು ಯಾರದು ಎಂಬುದು. ನೀರು ಕಾಣದ ಊರಿನವರು ಕೇಳುವ ಮಾತಲ್ಲ ಅದು. ಹೊಲದ ಅಂಚಿಗೆ ನೀರು ಹರಿಯುತ್ತಿದ್ದರೆ ಹೊಲಕ್ಕೆ ಸಿಗುತ್ತದೆ ಎಂದೇ ನಮ್ಮ ಕಡೆಯವರ ಲೆಕ್ಕ. ನಾನು ಮದುವೆಯಾಗಿ ಬಂದ ವಾರದಲ್ಲೇ ಗೊತ್ತಾಯಿತು. ಮಾವನವರ ಕೆಳಗಿನ ಎರೆಹೊಲವೆಲ್ಲ ಕಾಲುವೆ ತೋಡುವಾಗ ಹೋಗಿಬಿಟ್ಟಿತ್ತು. ಉಳಿದದ್ದು ಕಾಲುವೆಗಿಂತ ಎತ್ತರದಲ್ಲಿರುವ ಮಡ್ಡಿ, ಕಲ್ಲುನೆಲದ ದಿಬ್ಬ. ನೀರು ಕೆಳಗೆ ಹರಿಯುತ್ತದೆ, ಮೇಲೆ ಹತ್ತುವುದಿಲ್ಲ. ನಮ್ಮ ಹೊಲದ ಪಾಲಿಗೆ ಕಾಲುವೆ ಎಂದರೆ ನೋಡುವುದಕ್ಕಷ್ಟೇ. ಹೀಗೆ ಹೊಲ ಕೊಟ್ಟು ನೀರಿಲ್ಲದೆ ಕುಳಿತ ಮನೆಗಳು ಆ ದಂಡೆಯ ಮೇಲೆ ಬಹಳ. ಅವರೆಲ್ಲ ಕಾಲುವೆಗೆ ಪೈಪು ಇಳಿಬಿಟ್ಟು, ಮೋಟಾರು ಕೂಡಿಸಿ, ನೀರೆತ್ತಿ ಅರಿಷಿಣವೋ ಕಬ್ಬೋ ಮಾಡಿಕೊಳ್ಳುತ್ತಿದ್ದರು. ನಾವೂ ಹಾಗೇ. ಕಾನೂನಿನ ಪ್ರಕಾರ ಅದು ಕಳವು.

ಇದನ್ನು ನಾನು ತವರಿನಲ್ಲಿ ಹೇಳಲಿಲ್ಲ. ಗಂಡನ ಮನೆಯ ಕೊರತೆಯನ್ನು ತವರಿಗೆ ಹೊತ್ತು ತರುವ ಹೆಣ್ಣುಮಗಳು ನಮ್ಮಲ್ಲಿ ಯಾರಿದ್ದಾರೆ? ವರ್ಷಕ್ಕೊಮ್ಮೆ ಪಂಚಮಿಗೆ ಅಣ್ಣ ಕರೆಯಲು ಬರುತ್ತಿದ್ದ. ನಾನು ಇದ್ದುದರಲ್ಲಿ ಚಲೋ ಸೀರೆ ಉಟ್ಟು, ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಕೊಂಡು, ಜೊತೆಗೆ ಒಂದು ಹೊರೆ ಕಬ್ಬು ಇಟ್ಟುಕೊಂಡು ಹೋಗುತ್ತಿದ್ದೆ. ಜೋಕಾಲಿ ಕಟ್ಟಿದ ಬೇವಿನ ಮರದ ಕೆಳಗೆ ಓಣಿಯ ಹೆಂಗಸರೆಲ್ಲ ಸೇರಿ "ನಿಮ್ಮ ಕಡೆ ನೀರ ಹೆಂಗವಾ?" ಎಂದು ಕೇಳುತ್ತಿದ್ದರು. "ಕೆನಾಲ ನಮ್ಮ ಹೊಲಕ್ಕ ಹತ್ತೇ ಹರೀತೈತಿ, ಮನಗಿದ್ರ ಸಪ್ಪಳ ಕೇಳತೈತಿ" ಎನ್ನುತ್ತಿದ್ದೆ. ಇದರಲ್ಲಿ ಸುಳ್ಳು ಯಾವುದಿದೆ? ಸಪ್ಪಳ ಖರೆಯಾಗಿಯೂ ಕೇಳುತ್ತಿತ್ತು. ಅಪ್ಪ ಕಟ್ಟೆಯ ಮೇಲೆ ಕುಳಿತು ಕೇಳಿಸಿಕೊಳ್ಳುತ್ತಿದ್ದ, ಮುಖದಲ್ಲಿ ಎಂಥ ಸಮಾಧಾನ. ಆ ಸಮಾಧಾನದಲ್ಲೇ ಅವನು ತೀರಿಕೊಂಡ. ನಾನು ಬಾಯಿ ಮುಚ್ಚಿಕೊಂಡು ಇದ್ದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಆದರೆ ಜೋಕಾಲಿಯ ಕೆಳಗಿನ ಮಾತು ಅಣ್ಣನ ಕಿವಿಗೂ ಬಿದ್ದಿತ್ತು. ಅವನು ಶಾಸಕನಾದ ಮೇಲೆ ಒಂದು ಚಳಿಗಾಲ, ಬೆಳಗಾವಿಯಲ್ಲಿ ಅಧಿವೇಶನ ನಡೆದಿತ್ತು. ಹಾಗೆ ಅಧಿವೇಶನಕ್ಕೆ ಹೋಗುವ ಮೊದಲು ಅವನು ತನ್ನ ಭಾಷಣವನ್ನು ಅವ್ವನ ಮುಂದೆ ಒಮ್ಮೆ ಒಪ್ಪಿಸುವುದು ರೂಢಿ. ಅವ್ವ ಕಸ ತೆಗೆಯುತ್ತ ಕೇಳುತ್ತಾಳೆ. "ಅಷ್ಟ ಒದರಬ್ಯಾಡ, ಮಂತ್ರಿಗೋಳಿಗೆ ಕಿವಿ ಅದಾವು" ಎಂದು ತಿದ್ದುತ್ತಾಳೆ. ಆ ಸಲ ಒಪ್ಪಿಸಿದ ಭಾಷಣದಲ್ಲಿ ನನ್ನ ಸುದ್ದಿ ಇರಲಿಲ್ಲವಂತೆ. ಸದನದಲ್ಲಿ ನಿಂತಾಗ ತಾನಾಗಿಯೇ ಬಂತು ಎಂದು ಅಣ್ಣ ಆಮೇಲೆ ಹೇಳಿದ.

ನಾನು ಅದನ್ನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಮೊಬೈಲಿನಲ್ಲಿ ನೋಡಿದೆ. ಅಣ್ಣ ಕೈ ಎತ್ತಿ ಹೇಳುತ್ತಿದ್ದ: "ಅಧ್ಯಕ್ಷರ, ನಾ ಬ್ಯಾರೆಯವರ ಮಾತ ಹೇಳಂಗಿಲ್ರಿ. ನನ್ನ ಖಾಸಾ ತಂಗೀನ ಡ್ಯಾಮಿನ ಬಾಜೂಕ ಕೊಟ್ಟೇವಿ. ಆಕಿ ಹೊಲದ ಅಂಚಿಗೆ ಕೆನಾಲ ಹರೀತೈತಿ. ಅಲ್ಲಿ ಕಬ್ಬು ನೀರಾಗ ನಿಂತ ಕೊಳ್ಯಾಕತ್ತೈತಿ, ಇಲ್ಲಿ ನಮ್ಮವ್ವನ ಹೊಲದಾಗ ಗೋವಿನಜೋಳ ನಿಂತಲ್ಲೇ ಒಣಗಾಕತ್ತೈತಿ. ಕೆನಾಲಿಗೆ ಹಚ್ಚಿದ ಕಳ್ಳ ಮೋಟಾರ ಕೀಳಸ್ರಿ. ಮೊದಲ ನನ್ನ ತಂಗೀದು ಕೀಳಸ್ರಿ, ಆಮ್ಯಾಲ ಮಂದೀದು." ಎರಡೂ ಕಡೆಯವರು ಮೇಜು ಕುಟ್ಟಿದರು. ಸ್ವಂತ ತಂಗಿಯನ್ನೂ ಬಿಡದ ಶಾಸಕ ಎಂದು ಎಲ್ಲರ ಫೋನಿನಲ್ಲೂ ಅದೇ ಹರಿದಾಡಿತು. ನನ್ನ ರೊಟ್ಟಿ ಹೆಂಚಿನ ಮೇಲೆ ಸೀದುಹೋಯಿತು.

ಸರ್ಕಾರದವರು ಬೇರೆ ಯಾವ ಮಾತು ಕೇಳದಿದ್ದರೂ ಈ ಮಾತನ್ನು ಅಕ್ಷರಶಃ ಕೇಳಿದರು. ಮುಂದಿನ ತಿಂಗಳು ಜೀಪು, ಪೊಲೀಸರು, ಕ್ರೇನು ಎಲ್ಲ ಬಂದು ನಮ್ಮ ಮೋಟಾರನ್ನೇ ಮೊದಲು ಎತ್ತಿದರು. ಆಮೇಲೆ ದಂಡೆಯುದ್ದಕ್ಕೂ ಎಲ್ಲರದೂ. ಊರಿನವರು ನಮ್ಮ ಮನೆಯವರಿಗೆ ಎದುರಿಗೆ ಏನೂ ಅನ್ನಲಿಲ್ಲ. ನಳದ ಹತ್ತಿರ ಹೆಂಗಸರು ಮಾತ್ರ ನನಗೆ ಕೇಳುವಂತೆ "ತವರಿನ ಉಡುಗೊರಿ ಬಂತಲ್ಲ" ಎಂದರು. ನಾನು ಕೊಡ ತುಂಬಿಕೊಂಡು ಬಂದೆ. ಬರುವಾಗ ಕಣ್ಣಲ್ಲಿ ನೀರು ತುಂಬಿ ದಾರಿ ಕಾಣಲಿಲ್ಲ.

ಅಂದು ಸಂಜೆ ಅಣ್ಣನ ಫೋನು ಬಂತು. "ತಂಗಿ, ಸಿಟ್ಟಾಗಿಯೇನ?" ಎಂದ. ಸಿಟ್ಟೇ? ಎದುರಿಗಿದ್ದರೆ ಲಟ್ಟಣಿಗೆ ಎಸೆಯುತ್ತಿದ್ದೆ. ಬಾಯಿಂದ ಬಂದದ್ದು ಬೇರೆ. "ಇರಲಿ ಬಿಡಣ್ಣ, ಒಂದ ಮೋಟಾರ ಹೋದ್ರ ನಮಗೇನ ಕಡಿಮಿ ಆಗೂದಿಲ್ಲ. ಅವ್ವನ ಹೊಲಕ್ಕ ನೀರ ಹೋದ್ರ ಸಾಕು." ಆಮೇಲೆ ಅವನು ಮೂಡಲಗಿಯ ಸಭೆಯಲ್ಲಿ ಎಂಜಿನಿಯರುಗಳ ಎದುರಿಗೆ ನನ್ನನ್ನು ಹೊಗಳಿದ್ದೇ ಹೊಗಳಿದ್ದು, ತಂಗಿ ಅಂದ್ರ ನನ್ನ ತಂಗಿ ಎಂದು. ನಮ್ಮ ಅರಿಷಿಣದ ಹೊಲ ಆಗ ಒಣಗುತ್ತ ಬಂದಿತ್ತು. ಹಾಲು ಕೊಡುವ ಎಮ್ಮೆಯನ್ನು ಬೇಸಿಗೆಗೆ ಮುಂಚೆ ಮಾರಿದೆವು. ನಮ್ಮ ಮನೆಯವರು ಮಂದಿಯ ಟ್ರ್ಯಾಕ್ಟರು ಹೊಡೆಯಲು ಹೋದರು. ಒಂದು ದಿನವೂ ನನ್ನ ತವರನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ನನಗೆ ಜಗಳಕ್ಕಾದರೂ ಒಂದು ದಾರಿ ಇರುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಪಂಚಮಿಯ ಚಿಂತೆ. ಶ್ರಾವಣ ಬರುತ್ತದೆ, ಅಣ್ಣ ಕರೆಯಲು ಬರುತ್ತಾನೆ. ಈ ಊರು ಅವನನ್ನು ಒಳಗೆ ಬಿಟ್ಟೀತೇ? ಬಂದವನಿಗೆ ಯಾರಾದರೂ ಒಂದು ಮಾತು ಅಂದುಬಿಟ್ಟರೆ ನಾನು ಯಾರ ಪರ ನಿಲ್ಲಲಿ? ಗಂಡನ ಮನೆಯ ಕಡೆ ನಿಂತರೆ ತವರು ಹೋಯಿತು. ಅಣ್ಣನ ಕಡೆ ನಿಂತರೆ ಈ ಊರಿನಲ್ಲಿ ಬಾಳುವುದು ಹೇಗೆ? ಈ ವರ್ಷ ಬರಬೇಡ ಎಂದು ಹೇಳಲು ಫೋನು ಕೈಗೆತ್ತಿಕೊಂಡು ಹಾಗೇ ಇಟ್ಟಿದ್ದೂ ಉಂಟು. ಬರಬೇಡ ಎಂದು ತವರಿಗೆ ಹೇಳುವ ಬಾಯಿ ನನಗಿರಲಿಲ್ಲ.

ಅವನು ಬಂದ. ಎಂದಿನಂತೆ ಕಾರಿನ ಹಿಂದೆ ಕೊಬ್ಬರಿ ಬಟ್ಟಲು, ಅಳ್ಳಿಟ್ಟು, ನಮ್ಮ ಅತ್ತೆಗೆ ಇಳಕಲ್ ಸೀರೆ. ನಮ್ಮ ಅತ್ತೆ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ಬೇರೆ ವರ್ಷಗಳಲ್ಲಿ "ಬಾರೋ ಯಪ್ಪಾ" ಎಂದು ಎದ್ದು ಬರುತ್ತಿದ್ದವರು ಈ ಸಲ ಎದ್ದೇಳಲಿಲ್ಲ.

"ಬರ್ರಿ ಸಾಹೇಬ್ರ" ಎಂದರು. "ಚಾ ಆಮ್ಯಾಲ ಮಾಡೂಣು. ಮೊದಲ ಹೊಲಕ್ಕ ಹೋಗಿ ಬರೂಣು, ನಡೀರಿ."

ನಾನು ಅತ್ತೆಯ ಸೆರಗು ಹಿಡಿದೆ, ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವರು ಸೆರಗು ಬಿಡಿಸಿಕೊಂಡು ಕೋಲೂರಿ ನಡೆದೇಬಿಟ್ಟರು. ಅಣ್ಣ ಏನೂ ತಿಳಿಯದೆ ಹಿಂದೆ ಹೋದ. ನಾನು ಅವನ ಹಿಂದೆ.

ಮಳೆಗಾಲದ ಕಾಲುವೆ ತುಂಬಿ ಹರಿಯುತ್ತಿತ್ತು. ಅಣ್ಣ ದಂಡೆಯ ಮೇಲೆ ನಿಂತು ನೀರು ನೋಡಿದ, ತಿರುಗಿ ನಮ್ಮ ಹೊಲ ನೋಡಿದ, ಮತ್ತೆ ನೀರು ನೋಡಿದ. ಇಷ್ಟು ವರ್ಷ ಕಾಲುವೆಗಳ ಮೇಲೆ ತಿರುಗಿದವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅರಿಷಿಣ ಒಣಗಿಹೋದ ಜಾಗದಲ್ಲಿ ಮಳೆ ನೆಚ್ಚಿ ಬಿತ್ತಿದ ಸಜ್ಜೆ ಗೇಣುದ್ದ ನಿಂತಿತ್ತು.

"ಇದು ಮ್ಯಾಲ ಐತಿ" ಎಂದ, ತನಗೆ ತಾನೇ ಎಂಬಂತೆ. "ಇಲ್ಲಿಗೆ ನೀರ ಏರೂದಿಲ್ಲ."

"ನಿಮ್ಮಪ್ಪಾರು ಬ್ರಿಜ್ಜಿನ ಮ್ಯಾಲ ನಿಂತು ನೋಡಿದ್ರು" ಎಂದರು ಅತ್ತೆ. "ಅಲ್ಲಿಂದ ನೋಡಿದ್ರ ಎಲ್ಲಾ ಹಸರ ಕಾಣತೈತಿ. ನಾವು ಕೆನಾಲಿಗೆ ಹೊಲಾ ಕೊಟ್ಟವರು. ನೀವು ದೊಡ್ಡ ಸಭಾದಾಗ ಕಳ್ಳರು ಅಂದ್ರಿ."

ಅಣ್ಣ ನನ್ನ ಕಡೆ ತಿರುಗಿದ. "ನನಗ ಯಾಕ ಹೇಳಲಿಲ್ಲ?"

"ಅಪ್ಪ ಇರೂತನಕ ಹೆಂಗ ಹೇಳಲಿ?" ಎಂದೆ.

"ಆಮ್ಯಾಲ?"

"ಆಮ್ಯಾಲ ರೂಢಿ ಆಗಿತ್ತು."

ಅವನು ಬದುವಿನ ಮೇಲೆ ಕುಳಿತುಬಿಟ್ಟ. ಬಿಳಿ ಪೈಜಾಮಕ್ಕೆ ಕೆಸರು ಹತ್ತಿತು. ನನಗೆ ಅಷ್ಟು ತಿಂಗಳು ಕಟ್ಟಿಟ್ಟ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅವನ ತಲೆಯ ಮೇಲೆ ಕೈಯಿಡಬೇಕೆನಿಸಿತು. ಇಡಲಿಲ್ಲ. ಅತ್ತೆ ಇದ್ದರು.

ಅಷ್ಟರಲ್ಲಿ ಸುದ್ದಿ ತಿಳಿದು ಊರಿನ ಹತ್ತಾರು ಮಂದಿ ಹೊಲಕ್ಕೇ ಬಂದರು. ಅವರಲ್ಲಿ ಒಬ್ಬ ಹಿರಿಯರು ಮುಂದೆ ಬಂದು "ಏನ್ರಿ ಸಾಹೇಬ್ರ, ನಮ್ಮ ಬಾಯಾಗ ಮಣ್ಣ ಹಾಕಿ ಹಬ್ಬಕ್ಕ ಬಂದೀರಿ" ಎಂದರು. ಅಣ್ಣ ಎದ್ದು ನಿಂತ.

"ಟೇಲಿಗೆ ನೀರ ಕೇಳೂದು ನಾ ಬಿಡಂಗಿಲ್ರಿ" ಎಂದ. "ಅದನ್ನ ಇಲ್ಲೂ ಹೇಳ್ತೇನಿ. ಅಲ್ಲಿ ನಮ್ಮವ್ವ ಕಾದು ಕಾದು ಮುದುಕಿ ಆದಳು. ಆದ್ರ ನಿಮ್ಮನ್ನ ಕಳ್ಳರು ಅಂದದ್ದು ನನ್ನ ತಪ್ಪು. ಇಲ್ಲಿ ಕೈ ಮುಗಿದ್ರ ಅದು ಹೋಗೂದಿಲ್ಲ. ಎಲ್ಲಿ ಅಂದೇನಿ, ಅಲ್ಲೇ ತಿದ್ದತೇನಿ."

ಒಪ್ಪಿಕೊಂಡರೆಂದು ಹೇಳಲಾರೆ. ಗೊಣಗಿದರು. ರಾಜಕೀಯದವರ ಮಾತು ಎಂದು ಒಬ್ಬ ಉಗುಳಿದ. ಆದರೆ ದಾರಿ ಬಿಟ್ಟರು. ನಾನು ಅಣ್ಣನ ಕಾರಿನಲ್ಲಿ ಕುಳಿತು ತವರಿಗೆ ಹೋದೆ. ಗೋಕಾಕ ದಾಟಿದ ಮೇಲೆ ಅವನು "ಅವ್ವಗ ಹೇಳಬ್ಯಾಡ" ಎಂದ. ನೋಡಿ, ಈಗ ಅವನೂ ಶುರುಮಾಡಿದ. ನನಗೆ ನಗು ಬಂತು.

ಚಳಿಗಾಲದ ಅಧಿವೇಶನ ಮತ್ತೆ ಬಂತು. ಈ ಸಲ ನಾನು ಅತ್ತೆಯ ಪಕ್ಕದಲ್ಲಿ ಕುಳಿತು ಮೊಬೈಲನ್ನು ತಂಬಿಗೆಗೆ ಆನಿಸಿಟ್ಟು ನೋಡಿದೆ. ನಮ್ಮ ಮನೆಯವರು ಬಾಗಿಲ ಹತ್ತಿರ ನಿಂತಿದ್ದರು, ನೋಡದವರಂತೆ. ಅಣ್ಣ ಕೈ ಎತ್ತಲಿಲ್ಲ, ದನಿ ಏರಿಸಲಿಲ್ಲ.

"ಅಧ್ಯಕ್ಷರ, ಹ್ವಾದ ವರ್ಷ ಇದೇ ಜಾಗಾದಾಗ ನಿಂತು ನಾ ಒಂದು ತಪ್ಪು ಮಾತಾಡೇನಿ. ನನ್ನ ತಂಗಿ ಹೊಲ ನಾ ನೋಡಿರಲಿಲ್ಲ. ನೋಡದ ಮಾತಾಡಿದೆ. ಆ ಹೊಲದ ಚಲೋ ಅರ್ಧ ಕೆನಾಲಿಗೆ ಹೋಗೇತಿ, ಉಳದದ್ದಕ್ಕ ನೀರ ಏರೂದಿಲ್ಲ. ಅಂಥವರನ್ನ ನಾ ಕಳ್ಳರು ಅಂದೆ. ಆ ಮಾತ ವಾಪಸ್ ತಗೋತೇನಿ. ಟೇಲಿಗೆ ಮೊದಲ ನೀರ ಕೊಡ್ರಿ. ಅದರ ಜೋಡಿನ, ಕೆನಾಲಿಗೆ ಹೊಲಾ ಕೊಟ್ಟ ಮಡ್ಡಿಗೆ ನೀರ ಎತ್ತಿ ಕೊಡೂ ಯೋಜನಾ ಮಾಡ್ರಿ."

ಎದುರಿನ ಸಾಲಿನಿಂದ ಒಬ್ಬರು "ಹೋದ ವರ್ಷ ತಂಗಿಯ ವಿರುದ್ಧ, ಈ ವರ್ಷ ತಂಗಿಯ ಪರವೋ?" ಎಂದು ಛೇಡಿಸಿದರು. ಎಲ್ಲರೂ ನಕ್ಕರು.

ಅಣ್ಣನೂ ನಕ್ಕ. ಆಮೇಲೆ ಹೇಳಿದ: "ನನ್ನ ತಂಗಿ ನನಗ ಏನೂ ಕೇಳಿಲ್ರಿ. ಕೇಳಿದ್ರ ನಾ ಇಷ್ಟ ತಪ್ಪು ಮಾಡ್ತಿರಲಿಲ್ಲ. ಬಾಯಿ ಇದ್ದವರು ಅರ್ಜಿ ತಗೊಂಡು ನಮ್ಮ ಮನೀಗೆ ಬರತಾರ. ಬಾಯಿ ಬಿಡದವರ ಹೊಲಕ್ಕ ನಾವ ಹೋಗಿ ನೋಡಬೇಕು. ನಾ ಹೋಗಿರಲಿಲ್ಲ."

ಮಂತ್ರಿಗಳು ಎದ್ದು ಪರಿಶೀಲಿಸಲಾಗುವುದು ಎಂದರು. ಈ ಪರಿಶೀಲನೆಯಲ್ಲಿ ಎಷ್ಟೋ ತಲೆಮಾರು ಸವೆದಿವೆ, ಅದು ಬೇರೆ ಮಾತು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು "ಬರಲಿ, ಚಾ ಮಾಡಿ ಕೊಡ್ತೇನಿ" ಎಂದರು. ಬಾಗಿಲಲ್ಲಿ ನಿಂತವರು ಹೊರಗೆ ಹೋದರು. ಅವರ ಬೆನ್ನು ಕಂಡರೆ ನನಗೆ ಗೊತ್ತಾಗುತ್ತದೆ, ಅವರು ಅಳುತ್ತಿದ್ದರು.

ಮಡ್ಡಿಯ ಸರ್ವೆಗೆ ಜನ ಬಂದು ಕಲ್ಲಿಗೆ ಬಣ್ಣ ಹಚ್ಚಿ ಹೋದರು. ನೀರು ಇನ್ನೂ ಬಂದಿಲ್ಲ. ಆದರೆ ಮೋಟಾರುಗಳಿಲ್ಲದ ಕಾಲುವೆ ಆ ಸಲದ ಪಾಳಿಯಲ್ಲಿ ಎಲ್ಲೂ ನಿಲ್ಲದೆ ಹರಿಯಿತು. ಒಂದು ಮುಂಜಾನೆ ಅಣ್ಣ ಫೋನು ಮಾಡಿದ. "ತಂಗಿ, ಬಂತು. ಅವ್ವ ನೀನ ಬರಬೇಕಂತ ಹಟಾ ಹಿಡದಾಳು. ಮನೀ ಮಗಳು ಗಂಗೀ ಉಡಿ ತುಂಬಬೇಕಂತ."

ಅಣ್ಣನೇ ಬಂದು ಕರೆದೊಯ್ದ. ಅವ್ವ ಹೊಲದಲ್ಲೇ ಇದ್ದಳು, ಸೀರೆ ಮೊಣಕಾಲಿಗೆ ಎತ್ತಿಕಟ್ಟಿ ನೀರಿನಲ್ಲಿ ನಿಂತಿದ್ದಳು. ಗೋವಿನಜೋಳದ ಸಾಲುಗಳಲ್ಲಿ ನೀರು ಮೆಲ್ಲಗೆ ಹೊಕ್ಕು ಹೊಕ್ಕು ಹೋಗುತ್ತಿತ್ತು. ಅವ್ವ ಅದರ ಹಿಂದೆಯೇ ಸಣ್ಣ ಹುಡುಗಿಯಂತೆ ಸಾಲಿನಿಂದ ಸಾಲಿಗೆ ದಾಟುತ್ತಿದ್ದಳು. ಆ ವಯಸ್ಸಿನಲ್ಲಿ ಅವಳಿಗೆ ಅಂಥ ಕಾಲು ಎಲ್ಲಿಂದ ಬಂತೋ. ನಾನು ಅರಿಷಿಣ ಕುಂಕುಮ ಹಾಕಿ, ಹಸಿರು ಖಣ, ಬಳೆ, ಕೊಬ್ಬರಿ ಇಟ್ಟು ನೀರಿಗೆ ಉಡಿ ತುಂಬಿದೆ. ನನ್ನ ಹೊಲದ ಮುಂದೆ ಹಾದು, ಒಂದು ಹನಿಯನ್ನೂ ಅಲ್ಲಿ ಬಿಡದೆ ಬಂದ ನೀರು ಅದು. ಮುಟ್ಟಿದರೆ ತಣ್ಣಗಿತ್ತು. ಅವ್ವನ ಕಾಲು ತೊಯ್ದದ್ದು ಕಂಡು ಸುಖವಾಯಿತು. ಅದರ ಒಳಗೇ ಒಂದು ನೋವು ಎದ್ದಿತು. ಎರಡೂ ಖರೆ, ಒಂದನ್ನು ಬಚ್ಚಿಟ್ಟು ಬರೆಯಲಾರೆ.

ಅವ್ವ ನನ್ನ ಪಕ್ಕದಲ್ಲಿ ಬಂದು ಕುಳಿತಳು.

"ಅಂವಾ ಸಭಾದಾಗ ಹೇಳಿದ್ದು ನಾ ಕೇಳೇನಿ. ನಿನ್ನ ಹೊಲಕ್ಕ ನೀರಿಲ್ಲಂತ. ಖರೆಯೇನ?"

ಅಣ್ಣ ನನ್ನ ಮುಖ ನೋಡಿದ. ಅವ್ವನ ಎದುರಿಗೆ ಎಂದೂ ಆಡದ ಮಾತು.

"ಖರೆ ಅವ್ವ" ಎಂದೆ. "ಮೊದಲಿಂದನೂ ಇಲ್ಲ."

ಅವ್ವ ಬೈಯುತ್ತಾಳೆಂದುಕೊಂಡೆ, ಅಳುತ್ತಾಳೆಂದುಕೊಂಡೆ. ಅವಳು ಸುಮ್ಮನೆ ಕೈಯನ್ನು ನೀರಿನಲ್ಲಿ ಅದ್ದಿ, ಆ ಒದ್ದೆ ಕೈಯಿಂದ ನನ್ನ ಮುಖ ಒರೆಸಿದಳು. ಆಮೇಲೆ ಅಣ್ಣನ ಕಡೆ ತಿರುಗಿದಳು.

"ಇನ್ನ ಮ್ಯಾಲ ಅಲ್ಲಿ ನಿಂತ ಮಾತಾಡೂಮುಂದ ಮೊದಲ ಆಕೀ ಹೊಲದ್ದು ಹೇಳು. ನಂದು ಆಮ್ಯಾಲ."

"ಹಂಗ ಹೇಳಬ್ಯಾಡಣ್ಣ" ಎಂದೆ ನಾನು. ದನಿ ತಾನಾಗಿ ಏರಿತು. "ಈಗ ಒಮ್ಮಿ ಬಂದೈತಿ ಇಲ್ಲಿಗೆ. ಟೇಲಿಗೇ ಮೊದಲ ಕೇಳು."

"ನೀ ಬಾಯಿ ಮುಚ್ಚು, ಇಷ್ಟ ದಿನಾ ಮುಚ್ಚಿದ್ದಿಯಲ್ಲ" ಎಂದಳು ಅವ್ವ.

ಹೀಗೆ ಶುರುವಾದ ನಮ್ಮ ಜಗಳ ನೀರು ಆಚೆ ಬದು ಮುಟ್ಟಿದರೂ ಮುಗಿಯಲಿಲ್ಲ. ಅವಳು ನನ್ನದು ಮೊದಲು ಎಂದಳು, ನಾನು ಅವಳದು ಎಂದೆ. ಅಣ್ಣ ಕೆಸರಿನಲ್ಲಿ ನಿಂತು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದ.

ಕೊನೆಗೆ ಅವ್ವ ಎದ್ದು ಸೀರೆ ಕೊಡವಿಕೊಂಡಳು. "ಇಷ್ಟ ವರ್ಷ ಕಾದೇನಿ" ಎಂದಳು ಅಣ್ಣನಿಗೆ. "ಮಗಳ ಹೊಲಕ್ಕ ನೀರ ಬರೂತನಕ ಇನ್ನೊಂದಿಷ್ಟ ಕಾಯಾಕ ನನಗೇನ ಧಾಡಿ?"